ಎಸ್ಸೆಸ್ಸೆಲ್ಸಿ ಆದ ಮೇಲೆ ವಸ್ತು ತಯಾರಿಕೆ ಕಲಿಯಬೇಕಾ? ಐಟಿಐ, ಟೂಲ್ ರೂಮ್, ಪಾಲಿಟೆಕ್ನಿಕ್, ಪಿಯುಸಿ: ಯಾವುದು ಯಾರಿಗೆ

ಮನೆಯಲ್ಲಿರುವ ಪ್ಲಾಸ್ಟಿಕ್ ಟಿಫಿನ್ ಡಬ್ಬಿಯ ಮುಚ್ಚಳ ತಿರುಗಿಸಿ ನೋಡಿ. ಎಲ್ಲೋ ಒಂದು ಕಡೆ ಚಿಕ್ಕ ಚುಕ್ಕೆ ಇರುತ್ತೆ, ಮೊಡವೆ ಥರ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗಿದ ಜಾಗ ಅದು. ಒಳಬದಿಯಲ್ಲಿ ಅಲ್ಲಲ್ಲಿ ಪುಟ್ಟ ಪುಟ್ಟ ವೃತ್ತಗಳ ಗುರುತು ಕಾಣುತ್ತೆ. ಅಚ್ಚು ತೆರೆದಾಗ ಮುಚ್ಚಳವನ್ನು ಹೊರಗೆ ತಳ್ಳಿದ ಪಿನ್ನುಗಳ ಗುರುತು. ಅಂಚಿನ ಮೇಲೆ ಉಗುರು ಆಡಿಸಿದರೆ ತಾಗುವ ಗೆರೆ ಇದೆಯಲ್ಲ, ಅದು ಅಚ್ಚಿನ ಎರಡು ಭಾಗ ಕೂಡಿದ ಜಾಗ.

ಈ ಮುಚ್ಚಳದ ಹಿಂದೆ ನಾಲ್ಕು ಥರದ ಕೆಲಸ ಇದೆ. ಮಗು ಒಂದೇ ಕೈಯಲ್ಲಿ ತೆಗೆಯುವಂತಿರಬೇಕು, ಆದರೆ ಬ್ಯಾಗಿನಲ್ಲಿ ಸಾರು ಚೆಲ್ಲಬಾರದು ಅಂತ ಯೋಚಿಸಿ ಆಕಾರ ಕೊಟ್ಟವರು ಒಬ್ಬರು. ಆ ಯೋಚನೆಯನ್ನು ಅಳತೆ ಸಮೇತ ಡ್ರಾಯಿಂಗ್ ಮಾಡಿದವರು ಇನ್ನೊಬ್ಬರು. ಉಕ್ಕಿನಲ್ಲಿ ಅಚ್ಚು ಕೊರೆದವರು ಮತ್ತೊಬ್ಬರು. ಮೆಷಿನ್ ಸೆಟ್ ಮಾಡಿ, ಶಿಫ್ಟ್ ಪೂರ್ತಿ ಒಂದೇ ಥರದ ಮುಚ್ಚಳ ಬರುವ ಹಾಗೆ ನೋಡಿಕೊಂಡವರು ಮಗದೊಬ್ಬರು.

ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳ ಎದುರಿಗಿರುವ ದಾರಿಗಳೂ ಹೆಚ್ಚೂಕಡಿಮೆ ಈ ನಾಲ್ಕೇ. ಆದರೆ ನಮ್ಮ ಮನೆಗಳಲ್ಲಿ ಇದನ್ನು ಆರಿಸುವ ರೀತಿ ಬೇರೆ. ಮಾರ್ಕ್ಸ್ ಚೆನ್ನಾಗಿ ಬಂತಾ, ಪಿಯುಸಿ ಸೈನ್ಸ್. ಸುಮಾರಾಗಿ ಬಂತಾ, ಡಿಪ್ಲೊಮಾ. ಕಮ್ಮಿ ಬಂತಾ, ಐಟಿಐ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ತೊಂಬತ್ತೈದು ಪರ್ಸೆಂಟ್ ತೆಗೆದ ಹುಡುಗಿಗೆ ಅಚ್ಚು ಕೊರೆಯುವ ಕೆಲಸವೇ ಇಷ್ಟ ಇರಬಹುದು. ಅರವತ್ತು ತೆಗೆದ ಹುಡುಗ ಚಿತ್ರ ಬರೆಯುವುದರಲ್ಲಿ, ಹೊಸದು ಯೋಚಿಸುವುದರಲ್ಲಿ ಮುಂದಿರಬಹುದು. ಆ ನಾಲ್ಕು ಕೆಲಸಗಳಲ್ಲಿ ಯಾವುದರ ಮುಂದೆ ನಿಮ್ಮ ಮಗು ಹೊತ್ತು ಹೋದದ್ದೇ ಗೊತ್ತಾಗದ ಹಾಗೆ ಕೂರುತ್ತೆ, ಅದನ್ನು ಮೊದಲು ನೋಡಿ. ಆಮೇಲೆ, ಆ ದಾರಿ ಹಿಡಿದರೆ ಮುಂದೆ ಯಾವ ಬಾಗಿಲು ತೆರೆದಿರುತ್ತೆ, ಯಾವುದು ಮುಚ್ಚುತ್ತೆ ಅಂತ ನೋಡಿ.

ಐಟಿಐ

ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಟೂಲ್ ಅಂಡ್ ಡೈ ಮೇಕರ್ (ಅಚ್ಚು ಮಾಡುವವರು). ತಯಾರಿಕೆಗೆ ನೇರವಾಗಿ ಸಂಬಂಧಪಟ್ಟ ಟ್ರೇಡ್‌ಗಳು ಇವು, ಎಲ್ಲವೂ ಎರಡು ವರ್ಷ. ವೆಲ್ಡರ್ ಒಂದೇ ವರ್ಷ.

ಫಿಟ್ಟರ್ ಟ್ರೇಡಿನ ಮೊದಲ ದಿನಗಳು ಹೇಗಿರುತ್ತವೆ ಅಂತ ಹೇಳುತ್ತೇನೆ, ಯಾಕಂದ್ರೆ ಬಿಡುವವರು ಅಲ್ಲೇ ಬಿಡುತ್ತಾರೆ. ಬೆಂಚ್ ವೈಸಿನಲ್ಲಿ ಒಂದು ಕಬ್ಬಿಣದ ತುಂಡು ಕಟ್ಟಿ, ಕೈಗೆ ಅರ ಕೊಡುತ್ತಾರೆ. ಉಜ್ಜಿ ಮಟ್ಟ ಮಾಡು ಅಂತಾರೆ, ಅಷ್ಟೇ. ಕೇಳಲು ಸುಲಭ. ಆದರೆ ಹೊಸಬರ ಕೈ ಮುಂದೆ ಹೋಗುವಾಗ ಒಂದು ಕಡೆ ವಾಲುತ್ತೆ, ಹಿಂದೆ ಬರುವಾಗ ಇನ್ನೊಂದು ಕಡೆ. ಎರಡೂ ಅಂಚು ಸವೆದು ನಡು ಉಬ್ಬುತ್ತೆ. ಟ್ರೈ ಸ್ಕ್ವೇರ್ (ಮಟ್ಟ, ಮೂಲೆ ನೋಡುವ ಎಲ್ ಆಕಾರದ ಪಟ್ಟಿ) ಇಟ್ಟು ಬೆಳಕಿಗೆ ಹಿಡಿದರೆ ಬಂಡವಾಳ ಬಯಲು. ಬೆಳಕು ನುಸುಳಿದ ಕಡೆ ತಗ್ಗು, ನುಸುಳದ ಕಡೆ ಉಬ್ಬು. ಉಬ್ಬು ತೆಗೆಯಲು ಹೋಗಿ ಜಾಸ್ತಿ ಉಜ್ಜಿದರೆ ಅಳತೆಯೇ ಕಮ್ಮಿಯಾಗಿ ಜಾಬ್, ಅಂದರೆ ಮಾಡುತ್ತಿದ್ದ ತುಂಡು, ಸ್ಕ್ರ್ಯಾಪ್. ಮತ್ತೆ ಹೊಸ ತುಂಡು, ಮತ್ತೆ ಮೊದಲಿಂದ. ಆಮೇಲೆ ಒಂದರೊಳಗೆ ಒಂದು ಕೂರುವ ಜೋಡಿ ತುಂಡು ಮಾಡಿಸುತ್ತಾರೆ. ಎರಡೂ ಸೇರಿದ ಮೇಲೆ ನಡುವೆ ಬೆಳಕು ಕಾಣಬಾರದು.

ಕೆಲವು ಮಕ್ಕಳಿಗೆ ಇದು ಶಿಕ್ಷೆ. ಕೆಲವರಿಗೆ ಇದೇ ಮಜಾ. ನಿಮ್ಮ ಮಗು ಯಾವ ಗುಂಪಿಗೆ ಸೇರಿದ್ದು ಅನ್ನುವುದು ಮಾರ್ಕ್ಸ್ ಕಾರ್ಡಿನಲ್ಲಿ ಕಾಣಲ್ಲ.

ಐಟಿಐ ವಿಷಯದಲ್ಲಿ ಒಂದು ಎಚ್ಚರಿಕೆ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಬೋರ್ಡ್ ದೊಡ್ಡದು, ಒಳಗೆ ಎರಡು ಹಳೇ ಲೇತ್ (ಲೋಹ ಕಡೆಯುವ ಮೆಷಿನ್) ಅನ್ನುವಂಥ ಖಾಸಗಿ ಐಟಿಐಗಳೂ ಇವೆ. ಇನ್ನೊಂದು ಕಡೆ, ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದ್ದಾರೆ. ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮೆಷಿನ್), ರೋಬೋಟ್, ತ್ರೀಡಿ ಪ್ರಿಂಟಿಂಗ್ ಎಲ್ಲ ಅಲ್ಲಿ ಬಂದಿದೆ. ಹತ್ತಿರದ ಸರ್ಕಾರಿ ಐಟಿಐ ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ವಿಚಾರಿಸಿ. ಮುಗಿದ ಮೇಲೆ ಅಪ್ರೆಂಟಿಸ್‌ಶಿಪ್, ಅಂದರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ಕಲಿಯುವುದು, ಮಾಡದೆ ಬಿಡಬೇಡಿ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ರೈಲ್ವೆ ಎಲ್ಲ ಕಡೆ ಐಟಿಐ ಮಕ್ಕಳನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ.

ಕೊರತೆ ಏನು ಅಂದರೆ, ಇಲ್ಲಿ 'ಯಾಕೆ ಈ ಆಕಾರ' ಅನ್ನುವ ಪ್ರಶ್ನೆ ಬರುವುದೇ ಇಲ್ಲ. ಡ್ರಾಯಿಂಗ್ ಕೈಗೆ ಬರುತ್ತೆ, ಅದರ ಪ್ರಕಾರ ಮಾಡಬೇಕು. ಮೆಕ್ಯಾನಿಕಲ್ ಡ್ರಾಫ್ಟ್ಸ್‌ಮನ್ ಟ್ರೇಡ್ ಸ್ವಲ್ಪ ಬೇರೆ. ಅಲ್ಲಿ ಡ್ರಾಯಿಂಗ್ ಮಾಡುವುದೇ ಕೆಲಸ.

ಟೂಲ್ ರೂಮ್ ಡಿಪ್ಲೊಮಾ: ಜಿಟಿಟಿಸಿ ಮತ್ತು ಅದರ ನೆಂಟರು

ಟೂಲ್ ರೂಮ್ ಅಂದರೆ ಅಚ್ಚು, ಉಪಕರಣ ತಯಾರಿಸುವ ವರ್ಕ್‌ಶಾಪ್. ಈ ದಾರಿಯ ಬಗ್ಗೆ ಜಾಸ್ತಿ ಬರೆಯುತ್ತೇನೆ. ಬೆಂಗಳೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಇದರ ಹೆಸರು ಹೇಳಿದರೆ ಸಾಕು, ಗೊತ್ತು ಅಂತಾರೆ. ಹಳ್ಳಿ ಹೈಸ್ಕೂಲುಗಳಲ್ಲಿ ಮಾತ್ರ ಮೇಷ್ಟ್ರುಗಳೇ ಎಷ್ಟೋ ಜನ ಕೇಳಿಲ್ಲ.

ಗವರ್ನಮೆಂಟ್ ಟೂಲ್ ರೂಮ್ ಅಂಡ್ ಟ್ರೈನಿಂಗ್ ಸೆಂಟರ್, ಅಂದರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನ ರಾಜಾಜಿನಗರದಲ್ಲಿ ಶುರುವಾಯಿತು. ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮಂಗಳೂರು ಸೇರಿ ರಾಜ್ಯದ ಹಲವು ಊರುಗಳಲ್ಲಿ ಕೇಂದ್ರಗಳಿವೆ. ಎಸ್ಸೆಸ್ಸೆಲ್ಸಿ ಆದವರಿಗೆ ಇಲ್ಲಿನ ಹೆಸರುವಾಸಿ ಕೋರ್ಸ್ ಡಿಪ್ಲೊಮಾ ಇನ್ ಟೂಲ್ ಅಂಡ್ ಡೈ ಮೇಕಿಂಗ್. ಮೂರು ವರ್ಷ ಕಲಿಕೆ, ನಾಲ್ಕನೇ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಪ್ರಿಸಿಷನ್ ಮ್ಯಾನುಫ್ಯಾಕ್ಚರಿಂಗ್, ಮೆಕಾಟ್ರಾನಿಕ್ಸ್ (ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ್ದು) ಥರದ ಡಿಪ್ಲೊಮಾಗಳೂ ಇವೆ.

ಇಲ್ಲಿನ ವಿಶೇಷ ಅಂದರೆ ಇದು ಬರೀ ಶಾಲೆ ಅಲ್ಲ. ಹೊರಗಿನ ಗಿರಾಕಿಗಳಿಗೆ ಅಚ್ಚು, ಬಿಡಿಭಾಗ ಮಾಡಿಕೊಡುವ ನಿಜವಾದ ಟೂಲ್ ರೂಮ್ ಕೂಡ. ಹಾಗಾಗಿ ಮಕ್ಕಳು ಕಲಿಯುವ ಮೆಷಿನ್‌ಗಳು ಹೊರಗೆ ಕಾರ್ಖಾನೆಯಲ್ಲಿ ಓಡುವಂಥವೇ.

ಮತ್ತೆ ಟಿಫಿನ್ ಡಬ್ಬಿಗೆ ಬರೋಣ. ಮುಚ್ಚಳ 100 ಮಿಲಿಮೀಟರ್ ಅಗಲ ಇರಬೇಕು ಅಂದುಕೊಳ್ಳಿ. ಅಚ್ಚನ್ನು 100 ಮಿಲಿಮೀಟರಿಗೇ ಕೊರೆದರೆ ಕೆಲಸ ಕೆಟ್ಟಿತು. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ತಣ್ಣಗಾಗುವಾಗ ಸುಮಾರು ಶೇಕಡ 1ರಿಂದ 2ರಷ್ಟು ಕುಗ್ಗುತ್ತೆ. ಅಂದರೆ ಅಚ್ಚು ಒಂದರಿಂದ ಎರಡು ಮಿಲಿಮೀಟರ್ ದೊಡ್ಡದಿರಬೇಕು. ಪಕ್ಕದ ಗೋಡೆ ನೆಟ್ಟಗೆ ನಿಂತಿದ್ದರೆ ಮುಚ್ಚಳ ಅಚ್ಚಿಗೆ ಕಚ್ಚಿಕೊಂಡು ಹೊರಗೆ ಬರಲ್ಲ. ಒಂದು ಡಿಗ್ರಿಯಷ್ಟಾದರೂ ಓರೆ ಕೊಡಬೇಕು. ಬಕೆಟ್ಟು, ಮಗ್ಗು, ಕುಂಡ ಎಲ್ಲ ಕೆಳಗೆ ಕಿರಿದು ಮೇಲೆ ಅಗಲ ಇರುವುದಕ್ಕೆ ಇದೂ ಒಂದು ಕಾರಣ. ಒಂದು ಕಡೆ ಪ್ಲಾಸ್ಟಿಕ್ ದಪ್ಪ, ಇನ್ನೊಂದು ಕಡೆ ತೆಳು ಆದರೆ ದಪ್ಪ ಇರುವ ಕಡೆ ಮೇಲೆ ಗುಳಿ ಬೀಳುತ್ತೆ. ಇದೆಲ್ಲ ಟೂಲ್ ರೂಮಿನಲ್ಲಿ ಕಲಿತ ಮಗುವಿಗೆ ಹದಿನೆಂಟನೇ ವಯಸ್ಸಿಗೆ ಗೊತ್ತಿರುತ್ತೆ. ಡಿಸೈನ್ ಡಿಗ್ರಿ ಮಾಡಿದ ಎಷ್ಟೋ ಮಂದಿ ಕೆಲಸಕ್ಕೆ ಸೇರಿದ ಮೇಲೆ, ಅಚ್ಚು ಮಾಡುವವರ ಹತ್ತಿರ ಬೈಸಿಕೊಂಡು ಕಲಿಯುವ ವಿಷಯ ಇದು.

ಹಾಗಾದರೆ ಎಲ್ಲರೂ ಇಲ್ಲಿಗೇ ಸೇರಬಹುದಲ್ವಾ? ಇಲ್ಲ. ಮೊದಲನೆಯದಾಗಿ, ಇಲ್ಲಿ ಕಾಲೇಜ್ ಜೀವನ ಅನ್ನುವುದು ಇರಲ್ಲ. ಬೆಳಗ್ಗಿಂದ ಸಂಜೆವರೆಗೆ ಕಾರ್ಖಾನೆ ಥರದ ಶಿಸ್ತು, ರಜೆ ಕಮ್ಮಿ, ನಿಂತೇ ಕೆಲಸ. ಎರಡನೆಯದು, ಶುಲ್ಕ ಸರ್ಕಾರಿ ಪಾಲಿಟೆಕ್ನಿಕ್‌ಗಿಂತ ಜಾಸ್ತಿ. ಮೂರನೆಯದು, ಹದಿನೈದು ಹದಿನಾರಕ್ಕೇ ನಾಲ್ಕು ವರ್ಷದ ಒಂದೇ ದಾರಿಗೆ ಕಾಲಿಡಬೇಕು. ಇನ್ನೂ ಏನು ಬೇಕು ಅಂತ ಗೊತ್ತಿಲ್ಲದ ಮಗುವನ್ನು, ಕೆಲಸ ಗ್ಯಾರಂಟಿ ಅನ್ನುವ ಒಂದೇ ಕಾರಣಕ್ಕೆ ಇಲ್ಲಿಗೆ ತಳ್ಳಬೇಡಿ.

ಇದೇ ಜಾತಿಯ ಇನ್ನೂ ಕೆಲವು ಇವೆ. ಎನ್‌ಟಿಟಿಎಫ್ ಸ್ವಿಟ್ಜರ್ಲೆಂಡ್ ನೆರವಿನಿಂದ ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ ಹುಟ್ಟಿದ ಸಂಸ್ಥೆ, ಬೆಂಗಳೂರಿನ ಪೀಣ್ಯದಲ್ಲಿ ದೊಡ್ಡ ಕೇಂದ್ರವಿದೆ. ಮೈಸೂರಿನ ಸಿಪೆಟ್‌ನಲ್ಲಿ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಪ್ಲಾಸ್ಟಿಕ್ ಅಚ್ಚಿನ ತಂತ್ರಜ್ಞಾನದ್ದೇ ಮೂರು ವರ್ಷದ ಡಿಪ್ಲೊಮಾ ಇದೆ, ಹತ್ತನೇ ಕ್ಲಾಸ್ ಸಾಕು. ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆ 2007ರಲ್ಲಿ ಶುರುವಾಯಿತು. ಬಡ ಮನೆಗಳ ಮಕ್ಕಳನ್ನು ಆರಿಸಿ, ಊಟ ವಸತಿ ಸಮೇತ ಕಲಿಸುತ್ತಾರೆ. ಅಲ್ಲಿ ಕಲಿಯುವುದು ವಾಹನ ತಯಾರಿಕೆ. ವೆಲ್ಡಿಂಗ್, ಪೇಂಟ್, ಜೋಡಣೆ ಇಂಥವು. ಆರ್ಥಿಕವಾಗಿ ಕಷ್ಟದಲ್ಲಿರುವ ಮನೆಯವರು ಇದನ್ನು ಮೊದಲು ವಿಚಾರಿಸಬೇಕು.

ಪಾಲಿಟೆಕ್ನಿಕ್

ಮೂರು ವರ್ಷ, ಆರು ಸೆಮಿಸ್ಟರ್. ಮೆಕ್ಯಾನಿಕಲ್ ಡಿಪ್ಲೊಮಾ ಎಲ್ಲರಿಗೂ ಗೊತ್ತಿರುವುದೇ, ಅದಕ್ಕೆ ಉದ್ದ ಎಳೆಯಲ್ಲ. ಡ್ರಾಯಿಂಗ್, ಕ್ಯಾಡ್ (ಕಂಪ್ಯೂಟರಿನಲ್ಲಿ ಮಾಡುವ ಡ್ರಾಯಿಂಗ್), ವಸ್ತುಗಳ ಬಲ, ತಯಾರಿಕಾ ವಿಧಾನಗಳು ಎಲ್ಲದರ ಬುಡ ಇಲ್ಲಿ ಸಿಗುತ್ತೆ. ಸರ್ಕಾರಿ ಪಾಲಿಟೆಕ್ನಿಕ್ ಆದರೆ ಖರ್ಚು ಕಮ್ಮಿ, ಜಿಲ್ಲೆ ಬಿಟ್ಟು ಹೋಗುವ ಅಗತ್ಯ ಇಲ್ಲ. ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ.

ವರ್ಕ್‌ಶಾಪ್ ಮಾತ್ರ ವಾರಕ್ಕೆ ಕೆಲವೇ ಗಂಟೆ. ಟೂಲ್ ರೂಮ್ ಹುಡುಗನ ಪಕ್ಕ ಇಟ್ಟರೆ ಪಾಲಿಟೆಕ್ನಿಕ್ ಹುಡುಗನ ಕೈ ಪಳಗಿರಲ್ಲ. ಆದರೆ ಲೆಕ್ಕ, ಥಿಯರಿ ಚೆನ್ನಾಗಿರುತ್ತೆ. ಬಿ.ಇ. ಮಾಡಲೇಬೇಕು ಅಂತ ಮನಸ್ಸಿದ್ದು, ಪಿಯುಸಿಯ ಕೆಮಿಸ್ಟ್ರಿ, ಕೋಚಿಂಗ್ ಗಲಾಟೆ ಬೇಡ ಅನ್ನುವವರಿಗೆ ಇದು ಸರಿಯಾದ ದಾರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಒಂದಿಷ್ಟು ಒದ್ದಾಟ ಇರುತ್ತೆ. ಡ್ರಾಯಿಂಗ್ ಕ್ಲಾಸಿನಲ್ಲಿ ಭಾಷೆಯ ತೊಂದರೆ ಇಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಇರುತ್ತೆ.

ಪಿಯುಸಿ, ಆಮೇಲೆ ಡಿಸೈನ್ ಅಥವಾ ಎಂಜಿನಿಯರಿಂಗ್

ನಮ್ಮ ಪಿಯು ಬೋರ್ಡಿನಲ್ಲಿ ವಸ್ತು ವಿನ್ಯಾಸ ಅನ್ನುವ ವಿಷಯವೇ ಇಲ್ಲ. ಎಲೆಕ್ಟ್ರಾನಿಕ್ಸ್ ತಗೋಬಹುದು, ಕಂಪ್ಯೂಟರ್ ಸೈನ್ಸ್ ತಗೋಬಹುದು, ಅಷ್ಟೇ. ಸಿಬಿಎಸ್‌ಇಯಲ್ಲಿ ಹನ್ನೊಂದು ಹನ್ನೆರಡಕ್ಕೆ ಎಂಜಿನಿಯರಿಂಗ್ ಗ್ರಾಫಿಕ್ಸ್ ಇದೆ, ಆದರೆ ಅದನ್ನು ಕಲಿಸುವ ಶಾಲೆ ಹುಡುಕಬೇಕು. ಅಂದರೆ ಪಿಯುಸಿಗೆ ಹೋದ ಮಗು ಎರಡು ವರ್ಷ ಒಂದು ಸ್ಕ್ರೂಡ್ರೈವರ್ ಕೂಡ ಹಿಡಿಯದೆ ಕಳೆಯಬಹುದು. ಮನೆಯಲ್ಲಿ ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ ಹುಡುಗ ಈ ಎರಡು ವರ್ಷದಲ್ಲಿ ಆ ಹುಚ್ಚನ್ನೇ ಮರೆತುಬಿಡುವುದುಂಟು. ಪಿಯುಸಿಗೆ ಹಾಕುವುದಾದರೆ ಭಾನುವಾರ ಆದರೂ ಕೈಗೆ ಕೆಲಸ ಸಿಗುವ ಹಾಗೆ ನೋಡಿಕೊಳ್ಳಿ.

ಪಿಯುಸಿ ಆದ ಮೇಲೆ ಎರಡು ಕವಲು. ಒಂದು ಎಲ್ಲರಿಗೂ ಗೊತ್ತಿರುವ ಕೆಸಿಇಟಿ, ಬಿ.ಇ. ಮೆಕ್ಯಾನಿಕಲ್ ಇತ್ಯಾದಿ. ಹತ್ತು ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಲ್ಲಿ ಮೀಸಲಾತಿ ಇದೆ, ಅದರ ಸರ್ಟಿಫಿಕೇಟ್ ಮೊದಲೇ ಮಾಡಿಸಿಡಿ.

ಇನ್ನೊಂದು ಬಿ.ಡೆಸ್, ಅಂದರೆ ಡಿಸೈನ್ ಡಿಗ್ರಿ. ನಾಲ್ಕು ವರ್ಷ. ಅಹಮದಾಬಾದಿನ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) 1961ರಲ್ಲಿ ಹುಟ್ಟಿದ್ದು, ಅಲ್ಲಿ ಪ್ರಾಡಕ್ಟ್ ಡಿಸೈನ್ ಓದಬಹುದು. ಸೈನ್ಸ್ ಓದಿರಲೇಬೇಕು ಅಂತಿಲ್ಲ, ಆರ್ಟ್ಸ್, ಕಾಮರ್ಸ್ ಮಕ್ಕಳೂ ಪರೀಕ್ಷೆ ಬರೆಯಬಹುದು. ಇದು ಗೊತ್ತಿಲ್ಲದೆ ಚಿತ್ರ ಚೆನ್ನಾಗಿ ಬರೆಯುವ ಎಷ್ಟೋ ಮಕ್ಕಳು ಸುಮ್ನೆ ಸೈನ್ಸ್ ತಗೊಂಡು ಒದ್ದಾಡುತ್ತಾರೆ. ಪರೀಕ್ಷೆ ಎರಡು ಹಂತ. ಎರಡನೇ ಹಂತದಲ್ಲಿ ಕೈಯಿಂದ ಮಾಡಿ ತೋರಿಸುವ ಸ್ಟುಡಿಯೋ ಟೆಸ್ಟ್ ಇರುತ್ತೆ. ತಂತಿ, ಕಾಗದ, ಜೇಡಿಮಣ್ಣು ಇಂಥದ್ದನ್ನು ಕೊಟ್ಟು ಏನಾದರೂ ಮಾಡು ಅಂತಾರೆ. ಉರು ಹೊಡೆದು ಪಾಸಾಗುವ ಮಾತಿಲ್ಲ.

ಐಐಟಿಗಳ ಬಿ.ಡೆಸ್‌ಗೆ ಯುಸೀಡ್ ಪರೀಕ್ಷೆ, ನಡೆಸುವುದು ಐಐಟಿ ಬಾಂಬೆ. ಅದರಲ್ಲೂ ಕೈಯಿಂದ ಚಿತ್ರ ಬರೆಯುವ ಭಾಗ ಇದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ. ಎಲ್ಲ ವಿಭಾಗದವರೂ ಬರೆಯಬಹುದು, ಆದರೂ ಯಾವ ಸಂಸ್ಥೆ ಯಾವ ವಿಷಯ ಕೇಳುತ್ತೆ ಅಂತ ಆ ವರ್ಷದ ಮಾಹಿತಿ ಪುಸ್ತಕದಲ್ಲಿ ನೋಡಿಯೇ ಮುಂದುವರಿಯಿರಿ.

ಬೆಂಗಳೂರಿನಲ್ಲೂ ಎನ್‌ಐಡಿ ಇದೆಯಲ್ಲ ಅಂತ ಕೇಳುತ್ತಾರೆ. ಇದೆ, ಆದರೆ ಅಲ್ಲಿರುವುದು ಸ್ನಾತಕೋತ್ತರ ಕೋರ್ಸ್‌ಗಳು. ಎನ್‌ಐಡಿಯ ಬಿ.ಡೆಸ್‌ಗೆ ಊರು ಬಿಡಲೇಬೇಕು. ಇಲ್ಲೇ ಇರುವ ಖಾಸಗಿ ಡಿಸೈನ್ ಕಾಲೇಜುಗಳಿಗೆ ಹೋಗುವುದಾದರೆ ಶುಲ್ಕ ಕೇಳಿ ಒಂದು ಲೋಟ ನೀರು ಕುಡಿಯಬೇಕಾಗುತ್ತೆ. ಅಲ್ಲಿ ಒಂದೇ ಪ್ರಶ್ನೆ ಕೇಳಿ: ಮಕ್ಕಳು ಮಾಡೆಲ್ ಮಾಡುವ ವರ್ಕ್‌ಶಾಪ್ ತೋರಿಸ್ತೀರಾ? ಕಂಪ್ಯೂಟರ್ ಲ್ಯಾಬ್ ತೋರಿಸಿ ಕಳಿಸಿದರೆ ಅರ್ಥ ಮಾಡಿಕೊಳ್ಳಿ.

ಒಂದು ದಾರಿಯಿಂದ ಇನ್ನೊಂದಕ್ಕೆ

ಐಟಿಐ ಸೇರಿದರೆ ಜೀವನ ಅಲ್ಲಿಗೇ ನಿಂತಿತು ಅನ್ನುವ ಭಯ ಬಹಳ ಮನೆಗಳಲ್ಲಿದೆ. ಲೆಕ್ಕ ಹಾಕಿ ನೋಡೋಣ. ಎರಡು ವರ್ಷದ ಐಟಿಐ ಆದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಅದು 2 ವರ್ಷ. ಅಲ್ಲಿಂದ ಬಿ.ಇ. ಎರಡನೇ ವರ್ಷಕ್ಕೆ, ಅದು 3 ವರ್ಷ. ಒಟ್ಟು 7. ಪಿಯುಸಿ 2, ಬಿ.ಇ. 4, ಒಟ್ಟು 6. ಪಾಲಿಟೆಕ್ನಿಕ್ ಮೂಲಕ ಹೋದರೂ 3 ಮತ್ತು 3, ಆರೇ. ಜಿಟಿಟಿಸಿಯ ನಾಲ್ಕು ವರ್ಷ ಮುಗಿಸಿ ಬಿ.ಇ.ಗೆ ಹೋದವರಿಗೂ 7. ವ್ಯತ್ಯಾಸ ಒಂದೇ ವರ್ಷ. ಆ ಒಂದು ವರ್ಷಕ್ಕೆ ಬದಲಾಗಿ ಕೈಗೆ ಒಂದು ಕಸುಬು ಬಂದಿರುತ್ತೆ, ಮಧ್ಯೆ ದುಡಿದು ಓದುವ ಅವಕಾಶವೂ ಇರುತ್ತೆ. ಸುಲಭ ಅಂತ ಹೇಳ್ತಿಲ್ಲ. ಐಟಿಐಯಿಂದ ಡಿಪ್ಲೊಮಾಗೆ ಹೋದವರಿಗೆ ಗಣಿತ ಕಬ್ಬಿಣದ ಕಡಲೆ ಆಗುತ್ತೆ, ಅದಕ್ಕೆ ತಯಾರಿ ಬೇಕು.

ಬಿ.ಇ. ಮೇಲೆ ಡಿಸೈನ್ ಕಡೆಗೂ ತಿರುಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಎಂ.ಡೆಸ್ (ಡಿಸೈನ್ ಸ್ನಾತಕೋತ್ತರ ಪದವಿ) ಇದೆ. ವಸ್ತು ವಿನ್ಯಾಸ ಮತ್ತು ತಯಾರಿಕೆ ಎರಡನ್ನೂ ಒಂದೇ ವಿಭಾಗದಲ್ಲಿ ಇಟ್ಟುಕೊಂಡಿರುವ ಜಾಗ ಅದು. ಅಚ್ಚು ಕೊರೆದ ಕೈ, ಬಿ.ಇ. ಓದಿದ ತಲೆ ಎರಡೂ ಇರುವವರು ಅಲ್ಲಿಗೆ ಹೋದರೆ ಹೇಗಿರುತ್ತೆ ಯೋಚಿಸಿ.

ನಿಜವಾಗಿ ಮುಚ್ಚುವ ಬಾಗಿಲು ಒಂದೇ: ಎನ್‌ಐಡಿಯ ಬಿ.ಡೆಸ್. ಅದಕ್ಕೆ ಹನ್ನೆರಡನೇ ಕ್ಲಾಸ್ ಅಥವಾ ತತ್ಸಮಾನ ಓದು ಬೇಕು, ವಯಸ್ಸಿನ ಮಿತಿಯೂ ಇದೆ. ಸಾಮಾನ್ಯ ವರ್ಗಕ್ಕೆ ಇಪ್ಪತ್ತರ ಆಸುಪಾಸು, ಮೀಸಲಾತಿ ಇರುವವರಿಗೆ ಸ್ವಲ್ಪ ಸಡಿಲ. ನಾಲ್ಕು ವರ್ಷದ ಟೂಲ್ ರೂಮ್ ಮುಗಿಸಿ ಆಮೇಲೆ ನೋಡೋಣ ಅಂದರೆ ಗಾಡಿ ಹೊರಟಿರುತ್ತೆ. ಯುಸೀಡ್‌ನಲ್ಲಿ ಮೂರು ವರ್ಷದ ಡಿಪ್ಲೊಮಾದವರಿಗೂ ಅವಕಾಶ ಇದೆ, ಅಲ್ಲೂ ವಯಸ್ಸು ನೋಡುತ್ತಾರೆ. ಹಾಗಾಗಿ 'ಹೀಗಲ್ಲ, ಹಾಗೆ ಇದ್ದರೆ ಚೆನ್ನಾಗಿರುತ್ತಿತ್ತು' ಅಂತ ಪ್ರತಿಯೊಂದಕ್ಕೂ ಹೇಳುವ, ಪುಸ್ತಕದ ಅಂಚಲ್ಲೆಲ್ಲ ಗೀಚುವ ಮಗು ನಿಮ್ಮದಾದರೆ ಪಿಯುಸಿಗೆ ಕಳಿಸಿ, ಆರ್ಟ್ಸ್ ಆದರೂ ಪರವಾಗಿಲ್ಲ. 'ಇದನ್ನ ಹೇಗೆ ಮಾಡಿದ್ರು' ಅಂತ ಕೇಳುವ ಮಗು ಟೂಲ್ ರೂಮಿಗೆ. ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಓಡಿಸಿ ಖುಷಿಪಡುವ ಮಗು ಐಟಿಐಗೆ. ಲೆಕ್ಕ ಇಷ್ಟ, ಡ್ರಾಯಿಂಗ್ ಇಷ್ಟ, ಎಲ್ಲವೂ ಸ್ವಲ್ಪ ಸ್ವಲ್ಪ ಅನ್ನುವವರಿಗೆ ಪಾಲಿಟೆಕ್ನಿಕ್.

ಹೆಣ್ಣುಮಕ್ಕಳಿಗೆ ಮೆಷಿನ್ ಕೆಲಸ ಆಗುತ್ತಾ ಅನ್ನುವ ಪ್ರಶ್ನೆಗೆ ಉದ್ದ ಉತ್ತರ ಬೇಡ. ಸಿಎನ್‌ಸಿ ಓಡಿಸಲು, ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಸಾಧನ) ಓದಲು ಬೇಕಾದದ್ದು ತಾಳ್ಮೆ, ತೋಳಿನ ಬಲ ಅಲ್ಲ. ಹಾಸ್ಟೆಲ್ ಹೇಗಿದೆ, ತರಬೇತಿ ವರ್ಷದಲ್ಲಿ ಯಾವ ಊರಿಗೆ ಕಳಿಸುತ್ತಾರೆ ಅಂತ ಕೇಳಿ.

ಇನ್ನೂ ಎಂಟು, ಒಂಬತ್ತರಲ್ಲಿ ಇರುವವರು

ಈಗಲೇ ಪರೀಕ್ಷಿಸಿ ನೋಡಲು ದಾರಿ ಇದೆ. 2016ರಿಂದ ದೇಶದಾದ್ಯಂತ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ, ಆರರಿಂದ ಹನ್ನೆರಡನೇ ಕ್ಲಾಸಿನವರಿಗೆ. ತ್ರೀಡಿ ಪ್ರಿಂಟರ್, ಎಲೆಕ್ಟ್ರಾನಿಕ್ಸ್ ಕಿಟ್, ಕೈ ಉಪಕರಣ ಇರುತ್ತವೆ. ಕೆಲವು ಶಾಲೆಗಳಲ್ಲಿ ಲ್ಯಾಬಿಗೆ ಬೀಗ ಹಾಕಿ, ಅತಿಥಿಗಳು ಬಂದಾಗ ಮಾತ್ರ ತೆಗೆಯುತ್ತಾರೆ. ಪೋಷಕರ ಸಭೆಯಲ್ಲಿ ಕೇಳಿ, ಕೇಳಿದರೆ ಬೀಗ ತೆಗೆಯುತ್ತಾರೆ. ಪಾಲಿಟೆಕ್ನಿಕ್ ಪಕ್ಕ ಜೂನಿಯರ್ ಟೆಕ್ನಿಕಲ್ ಸ್ಕೂಲ್ ಇರುವ ಊರಾದರೆ ಹೈಸ್ಕೂಲಿನಲ್ಲೇ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯಬಹುದು. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯನ್ನೂ ಬರೆಸಿ. ಡಿಸೈನ್ ಪ್ರವೇಶ ಪರೀಕ್ಷೆಗೆ ಬೇಕಾದ ಕೈಚಳಕ ಅಲ್ಲೇ ಬರುತ್ತೆ, ಕೋಚಿಂಗ್‌ಗೆ ದುಡ್ಡು ಸುರಿಯುವ ಮೊದಲು ಇದು ಸಾಕು.

ಅರ್ಜಿ ಹಾಕುವಾಗ

ಸೇರುವ ಮೊದಲು ಮಗುವನ್ನು ಕರೆದುಕೊಂಡು, ಕೆಲಸ ನಡೆಯುವ ಹೊತ್ತಿಗೆ ವರ್ಕ್‌ಶಾಪ್ ನೋಡಿ ಬನ್ನಿ. ಲೇತ್ ಕೆಳಗೆ ಕಬ್ಬಿಣದ ಸುರುಳಿ ಚೂರು ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಮೆಷಿನ್ ಓಡುತ್ತಿದೆ. ನೆಲ ಫಳಫಳ ಹೊಳೆಯುತ್ತಿದ್ದು ಮೆಷಿನ್ ಮೇಲೆ ಬಟ್ಟೆ ಹೊದಿಸಿದ್ದರೆ ಅನುಮಾನಪಡಿ. ಒಂದು ಮೆಷಿನ್ ಮುಂದೆ ಎಷ್ಟು ಮಕ್ಕಳು ನಿಂತಿದ್ದಾರೆ ಎಣಿಸಿ. ಕೊನೇ ವರ್ಷದ ಹುಡುಗನ ಹತ್ತಿರ ಅವನೇ ಮಾಡಿದ ಜಾಬ್ ತೋರಿಸು ಅಂತ ಕೇಳಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಐಟಿಐ, ಪಾಲಿಟೆಕ್ನಿಕ್, ಜಿಟಿಟಿಸಿ ಅರ್ಜಿಗಳ ಸುದ್ದಿ ಹೆಚ್ಚೂಕಡಿಮೆ ಒಟ್ಟೊಟ್ಟಿಗೆ ಬರುತ್ತೆ. ಎಲ್ಲದಕ್ಕೂ ಹಾಕಿ. ಆದರೆ ಮೂಲ ಅಂಕಪಟ್ಟಿ ಮತ್ತು ಟಿಸಿ ಇರುವುದು ಒಂದೊಂದೇ. ಮೊದಲು ಸೀಟು ಕೊಟ್ಟ ಕಾಲೇಜಿಗೆ ಅವಸರದಲ್ಲಿ ಅವನ್ನು ಕೊಟ್ಟುಬಿಟ್ಟರೆ, ಆಮೇಲೆ ಬೇಕಾದ ಕಡೆ ಸೀಟು ಬಂದಾಗ ವಾಪಸ್ ಪಡೆಯಲು ಅಲೆಯಬೇಕು. ಕಟ್ಟಿದ ಶುಲ್ಕವೂ ಪೂರ್ತಿ ಬರಲ್ಲ. ಅರ್ಜಿ ಹಂತದಲ್ಲಿ ಜೆರಾಕ್ಸ್ ಸಾಕಾ ಅಂತ ಕೇಳಿ, ಸಾಕು ಅಂದರೆ ಮೂಲ ಪ್ರತಿ ಮನೆಯಲ್ಲೇ ಇರಲಿ. ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಪರೀಕ್ಷೆ ಮುಗಿದ ವಾರವೇ ನಾಡಕಚೇರಿ ಮತ್ತು ಶಾಲೆಯಿಂದ ಮಾಡಿಸಿಟ್ಟುಕೊಳ್ಳಿ, ಫಲಿತಾಂಶ ಬಂದ ಮೇಲೆ ಅಲ್ಲಿ ಕ್ಯೂ ಜಾಸ್ತಿ.